ಬೀರಣ್ಣನ ಚಾರ್ಜ್

ಅಜ್ಜಂಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಜವಾನನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅಲ್ಲಿನ ಲೈಬ್ರರಿ ಎಂದರೆ ವರಾಂಡದಲ್ಲಿದ್ದ ಒಂದು ಗಾಜಿನ ಬೀರು. ಪುಸ್ತಕ ಕಳೆದರೆ ಚಾರ್ಜಿನಲ್ಲಿದ್ದವರೇ ಕಟ್ಟಿಕೊಡಬೇಕು ಎಂದು ಮೇಷ್ಟ್ರುಗಳು ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಕೊನೆಗೆ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಪುಸ್ತಕ ಕಳೆಯದಂತೆ ನೋಡಿಕೊಳ್ಳಲು ನನಗೆ ಒಂದೇ ಉಪಾಯ ತಿಳಿದಿತ್ತು. ಬೀಗವನ್ನೇ ತೆಗೆಯಲಿಲ್ಲ.

ಬುಕ್ಕಾಂಬುಧಿಯಿಂದ ಒಬ್ಬಳು ಹುಡುಗಿ ಬರುತ್ತಿದ್ದಳು. ಬೆಳಗಿನ ಬಸ್ಸು ಅವಳನ್ನು ಶಾಲೆ ಶುರುವಾಗುವುದಕ್ಕೆ ಎಷ್ಟೋ ಮೊದಲೇ ಇಳಿಸಿ ಹೋಗುತ್ತಿತ್ತು. ನಾನು ಕಸ ಗುಡಿಸುವಾಗ ಅವಳು ಬೀರುವಿನ ಮುಂದೆ ನಿಂತು, ಪುಸ್ತಕಗಳ ಬೆನ್ನ ಮೇಲಿನ ಹೆಸರುಗಳನ್ನು ಮಗ್ಗಿಯಂತೆ ಎಡದಿಂದ ಬಲಕ್ಕೆ ಓದುತ್ತಿದ್ದಳು. ಹಸಿರು ರಟ್ಟಿನ ಒಂದು ಪುಸ್ತಕ ಬಂದಾಗ ಮಾತ್ರ ತಡೆದು ನಿಲ್ಲುತ್ತಿದ್ದಳು. ಅದು ಕೆರೆಯ ಹಕ್ಕಿಗಳದ್ದು.

“ಅಣ್ಣ, ಅದೊಂದು ಕೊಡಣ್ಣ. ಇಲ್ಲೇ ಕೂತ್ಕೊಂಡು ನೋಡಿ ಕೊಟ್ಬಿಡ್ತೀನಿ.”

“ನಿಮ್ಮೂರ್ ಕೆರೇಲಿ ಹಕ್ಕಿ ಇಲ್ವೇನೇ? ಅವನ್ನೇ ನೋಡ್ಕೋ ಹೋಗು. ಗಾಜು ಮುಟ್ಬೇಡ, ಕಲೆ ಆಗುತ್ತೆ.”

ಆಮೇಲೆ ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓದುತ್ತಿದ್ದಳು. ನನಗದು ತಮಾಷೆಯಾಗಿ ಕಾಣುತ್ತಿತ್ತು. ನಿವೃತ್ತನಾದಾಗ ಒಂದು ಪುಸ್ತಕವೂ ಕಡಿಮೆಯಾಗದಂತೆ ಚಾರ್ಜ್ ವಹಿಸಿಕೊಟ್ಟೆ. ಹಾರ ಹಾಕಿ ಹೊಗಳಿದರು. ಆ ಹೊಗಳಿಕೆಯನ್ನು ನಾನೂ ನಂಬಿದ್ದೆ.

ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಾಗಲಿಲ್ಲ. ಬಿ.ಪಿ. ಮಾತ್ರೆ ತರಲು ತರೀಕೆರೆಗೆ ಹೋದ ದಿನ ಕಂಡಕ್ಟರನ ಜೊತೆಗಾದರೂ ಎರಡು ಮಾತು ಆಗುತ್ತದೆ. ಹೋದ ಫೆಬ್ರವರಿಯಲ್ಲಿ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಮಗಳ ಕೈ ಹಿಡಿದಿದ್ದ ಒಬ್ಬಾಕೆ ಹತ್ತಿರ ಬಂದಳು.

“ನೀವು ಬೀರಣ್ಣ ಅಲ್ವಾ?”

“ನನ್ನ ಹೆಸರು ಅದಲ್ಲ ಕಣಮ್ಮ.”

“ಗೊತ್ತು. ಬೀರು ಕಾಯೋರು ಅಂತ ನಾವೆಲ್ಲ ಹಂಗೆ ಕರೀತಿದ್ವಿ. ಬೇಜಾರ್ ಮಾಡ್ಕೋಬೇಡಿ.” ಅವಳು ನಕ್ಕು, ಕೈ ಹಿಂದೆ ಕಟ್ಟಿಕೊಂಡು, ಬೀರುವಿನ ಮೇಲಿನ ಸಾಲಿನ ಹೆಸರುಗಳನ್ನು ಒಂದೂ ಬಿಡದೆ ಹೇಳಿದಳು. ಹಸಿರು ರಟ್ಟಿನದು ಬಂದಾಗ ನಿಂತಳು. “ಅದ್ರಲ್ಲಿ ಏನಿತ್ತಣ್ಣ? ನೀವು ಓದಿರ್ತೀರಲ್ಲ.”

ನಾನು ಓದಿರಲಿಲ್ಲ. ಆ ಬೀರುವಿನ ಒಂದು ಪುಸ್ತಕವನ್ನೂ ಓದಿರಲಿಲ್ಲ.

“ಈಗ ಎಲ್ಲಾ ಫೋನಲ್ಲೇ ಸಿಗುತ್ತಲ್ಲಮ್ಮ” ಎಂದೆ.

“ಹಕ್ಕಿ ಬೇಕಾದಷ್ಟು ಸಿಗ್ತವೆ. ಆ ಪುಸ್ತಕ ಸಿಗಲಿಲ್ಲ.”

ಅಷ್ಟರಲ್ಲಿ ಅಮೃತಾಪುರದ ಬಸ್ಸು ಬಂತು. ಅವಳು ಮಗಳನ್ನು ಹತ್ತಿಸಿ, ತಾನೂ ಹತ್ತಿ ಹೋದಳು. ಅವಳ ಹೆಸರು ನನಗೆ ಗೊತ್ತಿಲ್ಲ. ಆಗಲೂ ಕೇಳಿರಲಿಲ್ಲ, ಈಗಲೂ ಕೇಳಲಿಲ್ಲ.

ಮಾರನೆಯ ದಿನವೇ ಶಾಲೆಗೆ ಹೋದೆ. ಬೀರು ಅಕ್ಕಿಮೂಟೆಗಳ ಕೋಣೆ ಸೇರಿತ್ತು. ವರಾಂಡದಾಚೆ ಸ್ಮಾರ್ಟ್ ಕ್ಲಾಸಿನಲ್ಲಿ ಮಕ್ಕಳು ದೊಡ್ಡ ಟಿವಿ ನೋಡುತ್ತಿದ್ದರು. “ಪ್ರಪಂಚವೇ ಇದರಲ್ಲಿದೆ, ತಾತ” ಎಂದರು ಹೆಡ್‌ಮಿಸ್ಸು. ಇರಬಹುದು. ಆದರೆ ಟೀಚರು ಹಾಕಿದ್ದನ್ನೇ ಎಲ್ಲ ಮಕ್ಕಳೂ ನೋಡಬೇಕು. ಆ ಹುಡುಗಿ ಮಾತ್ರ, ಯಾರೂ ಹೇಳಿಕೊಡದೆ, ಅಷ್ಟು ಪುಸ್ತಕಗಳಲ್ಲಿ ತನ್ನದೊಂದನ್ನು ತಾನೇ ಆರಿಸಿಕೊಂಡಿದ್ದಳು.

ಬೀಗ ತೆಗೆದರು. ಪುಸ್ತಕಗಳ ಬೆನ್ನುಗಳು ಅವಳು ಹೇಳಿದ ಸಾಲಿನಲ್ಲೇ ನಿಂತಿದ್ದವು. ಹಸಿರಿನದನ್ನು ಎಳೆದೆ. ಕೊನೆಯ ಅರ್ಧದ ಹಾಳೆಗಳು ಮಣ್ಣಾಗಿ ಕೈಗೆ ಉದುರಿದವು. ಬೀರುವಿನ ಹಿಂಬದಿಯ ಹಲಗೆಯಿಂದ ಗೆದ್ದಲು ಹೊಕ್ಕಿತ್ತು. ಮಿಕ್ಕವನ್ನು ಮುಟ್ಟಲು ಧೈರ್ಯವಾಗಲಿಲ್ಲ. “ಅದನ್ನ ತಗೊಂಡ್ಹೋಗಿ, ಯಾರು ಕೇಳ್ತಾರೆ” ಎಂದರು ಹೆಡ್‌ಮಿಸ್ಸು.

ಉಳಿದ ಹಾಳೆಗಳನ್ನು ಓದಿದ್ದೇನೆ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ದೂರದಿಂದ ಬಾತುಗಳು ಬರುತ್ತವಂತೆ. ಬಿಸಿಲು ಏರಿದ ಮೇಲೆ ಅವು ಎಲ್ಲಿಗೆ ಹೋಗುತ್ತವೆ ಎಂದು ಹೇಳಬೇಕಾದ ಹಾಳೆ ಇಲ್ಲ.

ಈಗ ಮಾತ್ರೆ ಮುಗಿಯದಿದ್ದರೂ ತರೀಕೆರೆಗೆ ಹೋಗುತ್ತೇನೆ. ಪುಸ್ತಕ ಬಟ್ಟೆಚೀಲದಲ್ಲಿರುತ್ತದೆ. ಅವಳು ಕೇಳಿದ್ದಕ್ಕೆ ಅರ್ಧ ಉತ್ತರವಾದರೂ ನನ್ನಲ್ಲಿದೆ. ಅಮೃತಾಪುರದ ಬಸ್ಸು ಬಂದಾಗ ಎದ್ದು ನಿಲ್ಲುತ್ತೇನೆ. ಹತ್ತುವವರೆಲ್ಲ ಹತ್ತಿದ ಮೇಲೆ ಕೂರುತ್ತೇನೆ.