ಪೇಮಾಳ ಊರು

ಪೇಮಾ ಹುಟ್ಟಿದ್ದು ಒಡೆಯರಪಾಳ್ಯದ ಟಿಬೆಟನ್ ಶಿಬಿರದಲ್ಲಿ. ಹಿರಿಯರ ಬಾಯಲ್ಲಿ ಊರೆಂದರೆ ಟಿಬೆಟ್. ಅದನ್ನು ಅವಳು ನೋಡಿಯೇ ಇರಲಿಲ್ಲ. ಚಳಿಗಾಲದಲ್ಲಿ ಚಾಮರಾಜನಗರದ ಬಸ್ ನಿಲ್ದಾಣದ ಬಳಿ ಸ್ವೆಟರ್ ಮಾರುತ್ತಿದ್ದಳು. ಮದುವೆಯಾಗಿ ಕೆನಡಾ ಸೇರಿದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಶುರುವಾಯಿತು.

ಕೆಲವು ವರ್ಷಗಳ ನಂತರ ರಜೆಗೆ ಬಂದು ಅದೇ ನಿಲ್ದಾಣದಲ್ಲಿ ಇಳಿದಳು. ಹೂ ಮಾರುವ ಗುರುಮಲ್ಲಮ್ಮ ಗುರುತು ಹಿಡಿದು ಗದರಿದಳು.

"ಎಲ್ಲಿಗೋಗ್ಬುಟ್ಟಿದ್ದಮ್ಮಿ? ಒಂದ್ ಮಾತೂ ಏಳ್ದೆ ಓದೆಯಲ್ಲಾ!"

ಪೇಮಾ ಅವಳ ಹೂವಿನ ಬುಟ್ಟಿಯ ಪಕ್ಕ ಕೂತಳು. "ಕೆನಡಾಕ್ಕೆ ಓಗಿದ್ದೆ ಕಣಕ್ಕಾ. ಈಗ ಊರಿಗೆ ಬಂದೆ."

"ಇನ್ ಇಲ್ಲೇ ಇರ್ತೀಯಾ?"

ಪೇಮಾ ತಲೆಯಾಡಿಸಿದಳು, ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ರಜೆ ಮುಗಿಯುತ್ತಲೇ ವಾಪಸ್ ಹೋದಳು. ಗಂಡ ಅಲ್ಲಿದ್ದ, ಕೆಲಸ ಅಲ್ಲಿತ್ತು. ಆದರೆ ಹೋದ ದಿನವೇ, ಚಾಮರಾಜನಗರದಲ್ಲಿ ಅಂಗಡಿ ಇಡುವ ಮಾತು ತೆಗೆದಳು. ಗಂಡ ಇನ್ನೂ ಒಪ್ಪಿಲ್ಲ. ಅವಳೂ ಬಿಟ್ಟಿಲ್ಲ.