ಹೊತ್ತು ನೋಡಿ, ಒಮ್ಮೆಲೇ

ನನ್ನ ಗಂಡ ಭೌತಶಾಸ್ತ್ರದ ಮೇಷ್ಟರು. ಸಪ್ತಾಪುರದ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವುದು ಅವರ ರೂಢಿ. ನಾನು ರೊಟ್ಟಿ ಬಡಿಯುವಾಗ ಅವರು ತಲೆ ಎತ್ತಿದ್ದನ್ನು ನಾನು ಕಂಡಿಲ್ಲ. ಲೇಸರ್ ಬೆಳಕು ಪ್ಲಾಸ್ಮಾದಲ್ಲಿ ಎಬ್ಬಿಸುವ ಅಲೆಯ ಮೇಲೆ ಎಲೆಕ್ಟ್ರಾನುಗಳನ್ನು ಓಡಿಸುವ ಲೆಕ್ಕ ಅವರದು. ಅದರ ಮಾತೆಲ್ಲ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯ ಜೊತೆಗೆ. "ಹೊತ್ತು ನೋಡಿ, ಒಮ್ಮೆಲೇ ಹಾಕಬೇಕವಾ," ಎಂದು ಫೋನಿನಲ್ಲಿ ನಗುತ್ತಿದ್ದರು.

"ನನಗೂ ಒಂದೀಟ ಹೇಳ್ರಿ," ಎಂದರೆ, "ನಿನಗ್ಯಾಕ ಆ ತಲಿಬ್ಯಾನಿ? ರೊಟ್ಟಿ ಛಲೋ ಆಗ್ಯಾವ," ಎನ್ನುತ್ತಿದ್ದರು. ಆ ಹುಡುಗಿಯ ಫೋನು ಬಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಅವರು ತೀರಿಕೊಂಡ ಮೇಲೆ ಆಕೆ ಮನೆಗೆ ಬಂದಳು. ನಾನು ಕುದಿಯುವ ಎಸರಿಗೆ ಹೊತ್ತು ನೋಡಿ ಜೋಳದ ಹಿಟ್ಟನ್ನು ಒಮ್ಮೆಲೇ ಸುರಿಯುವುದನ್ನು ಕಂಡು ಕಣ್ಣೊರೆಸಿಕೊಂಡಳು.

"ಸರ್ ಇದನ್ನ ಹೇಳೇ ಕಲಿಸಿದ್ರು, ಅಕ್ಕಾರ. ಎಲೆಕ್ಟ್ರಾನ್ ಎಲ್ಲಾ ಒಮ್ಮೆಲೇ ಅಲೆ ಹತ್ತಿದ್ರ ಒಂದ ಶಕ್ತಿಲೆ, ಒಂದ ಕಟ್ಟಾಗಿ ಬರ್ತಾವ. ಹಿಂದ ಮುಂದ ಆದ್ರ ಕಿರಣ ಕೆಡತೈತಿ. 'ನಮ್ಮನ್ಯಾಕಿ ಎಸರಿಗೆ ಹಿಟ್ಟು ಹಾಕೂದು ನೋಡಬೇಕ ನೀ, ಅಕಿ ಹೊತ್ತು ಎಂದೂ ತಪ್ಪಂಗಿಲ್ಲ' ಅಂತಿದ್ರು."

ಆಕೆಗೆ ಬಿಸಿ ರೊಟ್ಟಿ ಬಡಿಸಿದೆ. ಹೊಟ್ಟೆಕಿಚ್ಚು ಮಾತ್ರ ಇಳಿಯಲಿಲ್ಲ. ನನ್ನ ಬಗೆಗಿನ ಆ ಮಾತನ್ನು ಆಕೆ ಅವರ ದನಿಯಲ್ಲೇ ಕೇಳಿದ್ದಳು. ನನಗೆ ಸಿಕ್ಕಿದ್ದು ಆಕೆಯ ದನಿಯಲ್ಲಿ.