ದಾರದಕ್ಕನ ಹೂಂ

ಕಚೇರಿಗೆ ಕೃತಕ ಬುದ್ಧಿಮತ್ತೆ ಬರುತ್ತದೆ ಎಂದಾಗ ಉಳಿದವರಿಗೆಲ್ಲ ಅದು ತಮ್ಮ ಕೆಲಸ ಕಿತ್ತುಕೊಂಡೀತು ಎಂಬ ಭಯ. ದಾರದಕ್ಕನಿಗೆ, ಅದು ತನ್ನ ಕೆಲಸ ಕಿತ್ತುಕೊಳ್ಳದೆ ಬಿಟ್ಟುಬಿಟ್ಟೀತು ಎಂಬ ಭಯ.

ಹೊಲಿಗೆ ಯಂತ್ರ ತಯಾರಿಸುವ ಆ ಕಂಪನಿಯ ದೂರು ವಿಭಾಗವೆಂದರೆ ಒಂದು ಕೋಣೆ, ಒಂದು ಕಿಟಕಿ, ಒಂದು ಫೋನು ಮತ್ತು ಅವಳು. ಯಾರು ಏನೇ ದೂರು ಹೇಳಲಿ, ಮೊದಲು ಕೇಳುತ್ತಿದ್ದದ್ದು ಒಂದೇ: "ದಾರ ಬಿಚ್ಚಿ ಮತ್ತೆ ಪೋಣಿಸಿದ್ರಾ?" ಗಿರಾಕಿಗಳು ಅವಳಿಗೆ ದಾರದಕ್ಕ ಎಂದು ಹೆಸರಿಟ್ಟದ್ದು ಅದಕ್ಕೇ. ದಾರ ಮತ್ತೆ ಪೋಣಿಸಿದರೆ ಅರ್ಧಕ್ಕರ್ಧ ದೂರು ಅಲ್ಲೇ ತೀರುತ್ತಿತ್ತು. ತೀರದವರನ್ನು ಬೈಯುತ್ತಿದ್ದಳು. "ಮೆಷಿನ್‌ಗೆ ಎಣ್ಣೆ ಬಿಟ್ಟಿದ್ದು ಯಾವಾಗ? ನೆನಪಿಲ್ವಾ? ನಿಮ್ಮ ಊಟ ಮಾತ್ರ ದಿನಾ ನೆನಪಿರುತ್ತೆ." ಬೈಸಿಕೊಂಡವರು ಕೆಲಸವಾಯಿತೆಂದು ನೆಮ್ಮದಿಯಿಂದ ಫೋನಿಡುತ್ತಿದ್ದರು.

ಈ ಉದ್ಯೋಗ ಅವಳಿಗೆ ಸಾಕಾಗಿತ್ತು. ಮನೆಯ ಮುಂದೆ ಗಾಡಿ ನಿಂತಿತ್ತು. ಗಂಡ ತೀರಿಕೊಂಡ ಮೇಲೆ ಅವಳೂ ನಾದಿನಿಯೂ ಒಂದೇ ಮನೆಯಲ್ಲಿದ್ದರು. ಶಾಲಾ ಬಸ್ಸು ಓಡಿಸಿ ಓಡಿಸಿ ಕಿವಿ ಮಂದವಾದ ನಾದಿನಿ, ಬ್ರೆಡ್ಡು ಸಾಗಿಸುತ್ತಿದ್ದ ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಫ್ರೀಜರ್ ಕೂರಿಸಿ, ಹೊರಗೆ ಗುಲಾಬಿ ಬಣ್ಣ ಬಳಿದು, ತಲೆಯ ಮೇಲೆ ಗಂಟೆ ಕಟ್ಟಿದ್ದಳು. ಇಬ್ಬರೂ ಸೇರಿ ಐಸ್‌ಕ್ರೀಂ ಮಾರುವುದೆಂದು ತೀರ್ಮಾನ. ಉದ್ಯಾನದ ಬಾಗಿಲ ಪಕ್ಕದ ಜಾಗವನ್ನು ಪುರಸಭೆ ಕೊಟ್ಟಿತ್ತು, ಒಂದೇ ಷರತ್ತಿನ ಮೇಲೆ: ಶಾಲೆಯ ರಜೆ ಶುರುವಾಗುವ ದಿನ ಇಬ್ಬರು ಪಾಲುದಾರರೂ ಗಾಡಿಯಲ್ಲಿರಬೇಕು, ಇಲ್ಲದಿದ್ದರೆ ಜಾಗ ಜೋಳ ಸುಡುವವನಿಗೆ.

ದಾರದಕ್ಕನ ಸ್ವಯಂ ನಿವೃತ್ತಿಯ ಅರ್ಜಿ ಮಾತ್ರ ಮ್ಯಾನೇಜರ ಮೇಜಿನ ಗಾಜಿನಡಿ ಮಲಗಿತ್ತು. ಅವರು ಹೇಳಿಬಿಟ್ಟಿದ್ದರು: "ಹೊಸಬ ಒಬ್ಬನೇ ನಿಂತ್ಕೊಳ್ಳಲಿ ಮೇಡಂ, ಆಮೇಲೆ ನೀವು ಧಾರಾಳವಾಗಿ ಹೋಗಿ."

ಹೊಸಬ ಎಂದರೆ ದೂರುಗಳಿಗೆ ಉತ್ತರಿಸಲು ತರಿಸಿದ ಕೃತಕ ಬುದ್ಧಿ. ಕಂಪನಿಗೆ ಇನ್ನೂ ಮೂರು ದೇಶಗಳಲ್ಲಿ ಶಾಖೆಗಳಿದ್ದವು. ಎಲ್ಲ ಕಡೆಗೂ ಇದೇ ಹೊಸಬ; ಸೋಮವಾರ ಸೋಮವಾರ ಎಲ್ಲರೂ ತೆರೆಯ ಮೇಲೆ ಮುಖ ತೋರಿಸಿ ಅವನ ಯೋಗಕ್ಷೇಮ ಹೇಳಬೇಕು. ದೊಡ್ಡ ದೇಶದ ಶಾಖೆ, ತಮ್ಮಲ್ಲಿ ದೂರುಗಳ ಯುಗವೇ ಮುಗಿಯಿತೆಂದು ಮೊದಲು ಜಾಹೀರಾತು ಕೊಟ್ಟು, ಆಮೇಲೆ ಹೊಸಬನನ್ನು ಎಲ್ಲಿ ಜೋಡಿಸಬೇಕೆಂದು ಹುಡುಕತೊಡಗಿತ್ತು. ಚಳಿ ದೇಶದವರು ಸಮಿತಿ ಮಾಡಿದ್ದರು, ಕಾರ್ಮಿಕ ಸಂಘವನ್ನು ಕೇಳಿದ್ದರು, ಸಮಿತಿಯ ಮೇಲೊಂದು ಸಮಿತಿ ಕೂರಿಸಿದ್ದರು. ಗುಂಡಿ ಒತ್ತುವುದೊಂದು ಬಾಕಿ. ದ್ವೀಪ ದೇಶದಲ್ಲಿ ನಿರ್ದೇಶಕರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಪಾಠಕ್ಕೆ ಕೂತು, ಹೊಸಬನಿಗೆ ಕ್ಷಮೆ ಕೇಳುವುದನ್ನು ಕಲಿಸಿದ್ದರು. ಅವನು ಕ್ಷಮೆ ಕೇಳಿದರೆ ಗಿರಾಕಿಯೂ ತಿರುಗಿ ಕ್ಷಮೆ ಕೇಳುತ್ತಿದ್ದ. ಮೊದಲು ಫೋನಿಡುವುದು ಯಾರೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಇಲ್ಲಿ ಅಂಥ ತಾಪತ್ರಯವೇ ಇಲ್ಲ. ಬೆಳಿಗ್ಗೆ ಡಬ್ಬ ಒಡೆದರು, ಮಧ್ಯಾಹ್ನದ ಊಟದೊಳಗೆ ಗುಂಡಿ ಒತ್ತಿದರು, ಚಪ್ಪಾಳೆ ತಟ್ಟಿದರು. ಹೊಸಬ ಚೆನ್ನಾಗಿಯೇ ಉತ್ತರಿಸಿದ. ಆದರೆ ಅವನ ಉತ್ತರ ಕೇಳಿದ ಪ್ರತಿಯೊಬ್ಬರೂ ಫೋನಿಟ್ಟು, ಮತ್ತೆ ಫೋನೆತ್ತಿ ದಾರದಕ್ಕನನ್ನು ಕೇಳಿದರು.

"ಅಕ್ಕ, ಸೂಜಿ ಹಿಂದುಮುಂದಾಗಿದೆ ಅಂತಿದ್ದಾನೆ ನಿಮ್ಮ ಹೊಸಬ. ಸರೀನಾ?"

"ಸೂಜಿ ತಿರುಗಿಸಿ ನೋಡಿದ್ರಾ?"

"ನೋಡ್ದೆ. ಈಗ ಚೆನ್ನಾಗಿ ಹೊಲೀತಿದೆ."

"ಮತ್ತೆ ನನ್ನನ್ನ ಯಾಕೆ ಕೇಳ್ತೀರಿ?"

"ನೀವೊಂದು ಹೂಂ ಅಂದ್ಬಿಟ್ರೆ ಸಮಾಧಾನ."

ಕೆಲಸ ಇಮ್ಮಡಿಯಾಯಿತು. ಬೈದು ನೋಡಿದಳು, ಗಿರಾಕಿಗಳಿಗೆ ಖುಷಿಯಾಯಿತು. ನನಗೇನೂ ಗೊತ್ತಿಲ್ಲ ಎಂದು ಸುಳ್ಳು ಹೇಳಿ ನೋಡಿದಳು; ಅಕ್ಕನಿಗೆ ಮೈ ಹುಷಾರಿಲ್ಲವೆಂದು ಸುದ್ದಿ ಹಬ್ಬಿ, ವಿಚಾರಿಸಿಕೊಳ್ಳಲು ಇನ್ನಷ್ಟು ಮಂದಿ ಫೋನು ಮಾಡಿದರು. ಗಿರಾಕಿಗಳನ್ನು ಹಳಿಯುತ್ತಿದ್ದ ಮ್ಯಾನೇಜರೇ, ಹೊಸಬನಿಂದ ಒಂದು ಪತ್ರ ಬರೆಸಿಕೊಂಡರೂ ಒಳಗಿನ ಫೋನೆತ್ತಿ, "ಮೇಡಂ, ಇದು ಸರೀನಾ?" ಎನ್ನುತ್ತಿದ್ದರು. ಅವಳು ಹೂಂ ಅಂದಮೇಲೆಯೇ ಸಹಿ.

ಮನೆಯಲ್ಲಿ ನಾದಿನಿ ಗಂಟೆ ಒರೆಸುತ್ತ ಹೇಳಿದಳು: "ಅತ್ತಿಗೆ, ಅವರಿಗೆ ಬೇಕಾಗಿರೋದು ನೀವಲ್ಲ, ನಿಮ್ಮ ಹೂಂ. ಅದನ್ನ ರೆಕಾರ್ಡ್ ಮಾಡಿ ಕೊಟ್ಟು ಬನ್ನಿ."

"ಫ್ರೀಜರ್ ಸಾಕಷ್ಟು ತಣ್ಣಗಾಗಿದೆಯಾ?"

"ಮೀಟರ್ ನಿಮ್ಮ ಮುಂದೇನೇ ಇದೆ, ನೋಡ್ಕೊಳ್ಳಿ."

"ನೋಡ್ದೆ. ಆದ್ರೂ, ಸರೀನಾ?"

ನಾದಿನಿ ನಕ್ಕ ರಭಸಕ್ಕೆ ಕೈಯಲ್ಲಿದ್ದ ಗಂಟೆ ಢಣ್ ಎಂದಿತು.

ಮಾರನೆಯ ದಿನವೇ ದಾರದಕ್ಕ ರೆಕಾರ್ಡ್ ಮಾಡಿಸಿದಳು: "ಹೂಂ, ಹೊಸಬ ಹೇಳಿದ್ದು ಸರಿ. ಫೋನಿಡಿ." ಪ್ರತಿ ಉತ್ತರದ ಬಾಲಕ್ಕೂ ಅದನ್ನು ಅಂಟಿಸಿದರು. ಅವಳ ಫೋನು ಗಪ್‌ಚಿಪ್ಪಾಯಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳಿದ್ದು ಅವಳ ನೌಕರಿಯಲ್ಲಿ ಅದೇ ಮೊದಲು. ಮ್ಯಾನೇಜರು ಖುಷಿಗೆ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದರು. ಮುಂದಿನ ವಾರದ ಶುಕ್ರವಾರ ಸಂಜೆ ಬಿಡುಗಡೆ ಎಂದು ಮಾತು ಕೊಟ್ಟರು. ಶಾಲೆಯ ರಜೆ ಶುರುವಾಗುವುದು ಅದರ ಮಾರನೆಯ ದಿನ, ಶನಿವಾರ.

ಸೋಮವಾರದ ತೆರೆಯ ಮೇಲೆ ಹೂಂ ಎಂಬುದೇ ವಿಷಯ. ದೊಡ್ಡ ದೇಶದವರು ಅದನ್ನು ತಾವೇ ಕಂಡುಹಿಡಿದಂತೆ ಆಗಲೇ ಹೊಸ ಹೆಸರಿಟ್ಟಿದ್ದರು. ದ್ವೀಪ ದೇಶದವರು, ಹೂಂ ತುಸು ಒರಟಾಯಿತು, ಹಿಂದೊಂದು ಮುಂದೊಂದು ಕ್ಷಮೆ ಸೇರಿಸಬಹುದೇ ಎಂದು ಕೇಳಿ, ಹಾಗೆ ಕೇಳಿದ್ದಕ್ಕೂ ಕ್ಷಮೆ ಕೇಳಿದರು. ಚಳಿ ದೇಶದ ಅಧಿಕಾರಿಣಿ ಕನ್ನಡಕ ತೆಗೆದು ಕೇಳಿದಳು: "ಹೂಂ ಅಂದವರು ನೋಡಿ ಹೂಂ ಅಂದಿದ್ದಾರಾ?" ಇಲ್ಲಿಯವರೆಲ್ಲ ನಕ್ಕರು. ಹೆಚ್ಚು ನಕ್ಕವಳು ದಾರದಕ್ಕ.

ಶುಕ್ರವಾರ ಮಧ್ಯಾಹ್ನ, ಅವಳು ಮೇಜಿನ ಸೆಳೆಖಾನೆ ಖಾಲಿ ಮಾಡುತ್ತಿದ್ದಾಗ, ಒಬ್ಬ ಗೃಹಸ್ಥ ಕಂಕುಳಲ್ಲಿ ಪರದೆಯೊಂದನ್ನು ಅವುಚಿಕೊಂಡು ಬಂದ.

"ಅಕ್ಕ, ಈ ಪರದೆ ಸೊಟ್ಟ ಯಾಕಾಯ್ತು ಅಂತ ನನ್ನ ಹೆಂಡತಿ ಹೊಸಬನನ್ನ ಕೇಳಿದ್ಲು. ಮೆಷಿನ್ ಸರಿ ಇದೆ, ಹೊಲಿದ ಕೈ ಸರಿ ಇಲ್ಲ ಅಂದ. ಹೊಲಿದ ಕೈ ನಂದು. ಅವನ ಮಾತಿಗೆ ನಾನು ತಲೆ ಕೆಡಿಸ್ಕೊಳ್ತಿರಲಿಲ್ಲ. ಆದ್ರೆ ನೀವೂ ಹೂಂ ಅಂದ್ಬಿಟ್ರಿ."

"ನಾನಾ?"

"ನಿಮ್ಮದೇ ಧ್ವನಿ. ಬೈಯ್ಲಿಲ್ಲ, ಅದೇ ಆಶ್ಚರ್ಯ ಆಯ್ತು. ಈಗ ಮನೇಲಿ ಮಕ್ಕಳೂ ನನ್ನನ್ನ ಸೊಟ್ಟಪ್ಪ ಅಂತಿದ್ದಾರೆ."

ದಾರದಕ್ಕ ಪರದೆಯನ್ನು ಕಿಟಕಿಗೆ ಹಿಡಿದಳು. ಹೊಲಿಗೆ ಗೆರೆ ಎಳೆದಂತೆ ನೆಟ್ಟಗಿತ್ತು. ಸೊಟ್ಟಗಿದ್ದದ್ದು ಬಟ್ಟೆಯ ಅಂಚು.

"ಬಟ್ಟೆ ಕತ್ತರಿಸಿದ್ದು ಯಾರು?"

ಅವನು ಆಚೀಚೆ ನೋಡಿದ. "ಅವಳೇ."

"ಮನೇಲಿ ಹೇಳಿ ಮತ್ತೆ."

"ನಾನು ಹೇಳಿದ್ರೆ ಆಗುತ್ತಾ? ನೀವೇ ಹೇಳ್ಬೇಕು."

ಹೇಳಿದಳು, ಆಗಲೇ ಫೋನಿನಲ್ಲಿ, ಬೈಗುಳ ಸಮೇತ. ಅವನು ಪರದೆಯನ್ನು ಬಾವುಟದಂತೆ ಹೆಗಲಿಗೇರಿಸಿ ಹೊರಟ. ದಾರದಕ್ಕ ಮಾತ್ರ ಕುಳಿತೇ ಇದ್ದಳು. ಕಣ್ಣಲ್ಲಿ ಕಾಣದ ಪರದೆಗೆ ತಾನು ಹೂಂ ಅಂದಂತಾಗಿತ್ತು. ತಾನು ಹೋದ ಮೇಲೂ ಆ ಹೂಂ ಇಲ್ಲಿ ಕೂತು, ಯಾರ್ಯಾರ ಮನೆಯ ಯಾವ್ಯಾವ ಪರದೆಗೋ ಅನ್ನುತ್ತಲೇ ಇರುತ್ತದೆ. ಚಳಿ ದೇಶದವಳು ಕೇಳಿದ್ದು ಇದನ್ನೇ; ಆಗ ಎಲ್ಲರಿಗಿಂತ ಹೆಚ್ಚು ನಕ್ಕವಳು ತಾನೇ.

ಎದ್ದು ಹೋಗಿ ಮ್ಯಾನೇಜರಿಗೆ ಹೇಳಿದಳು: "ನನ್ನ ಹೂಂ ತೆಗೆಸಿಬಿಡಿ."

"ತೆಗೆದ್ರೆ ಮತ್ತೆ ಎಲ್ಲರೂ ನಿಮಗೇ ಫೋನ್ ಮಾಡ್ತಾರೆ. ನಿಮ್ಮನ್ನ ಬಿಡೋಕಾಗಲ್ಲ."

"ಗೊತ್ತು. ತೆಗೆಸಿ."

ತೆಗೆಸಿದರು. ಅವಳು ಕೋಣೆಗೆ ಮರಳುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಕಿಟಕಿಯಾಚೆ ರಸ್ತೆಯಲ್ಲಿ ಗುಲಾಬಿ ಗಾಡಿ ಬಂದು ನಿಂತಿತ್ತು. ಅತ್ತಿಗೆಯನ್ನು ಮೆರವಣಿಗೆಯಲ್ಲಿ ಕರೆದೊಯ್ಯಲು ನಾದಿನಿ ಹೂವಿನ ಹ್ಯಾಟು ಹಾಕಿಕೊಂಡಿದ್ದಳು. ದಾರದಕ್ಕ ಆ ಕಡೆ ನೋಡದೆ ಒಳಗಿನ ಫೋನೆತ್ತಿ ಮ್ಯಾನೇಜರಿಗೆ ಅಂದಳು: "ಸರ್, ನನ್ನ ಅರ್ಜಿ ಏನು ಮಾಡ್ಬೇಕು ಅಂತ ನೀವೂ ಹೇಳ್ಬೇಡಿ, ನಾನೂ ಹೇಳಲ್ಲ. ಹೊಸಬನನ್ನೇ ಕೇಳಿ. ಅವನೇನಂದ್ರೂ ಒಪ್ಕೋತೀನಿ."

ಮ್ಯಾನೇಜರಿಗೂ ಅದು ಹಗುರವೆನಿಸಿತು. ಅರ್ಜಿಯನ್ನು ಗಾಜಿನಡಿಯಿಂದ ಎಬ್ಬಿಸಿ ಹೊಸಬನಿಗೆ ತೋರಿಸಿದರು. ಹೊಸಬ ನಿಯಮಗಳನ್ನೆಲ್ಲ ಉದ್ದಕ್ಕೆ ಹೇಳಿ ಮುಗಿಸಿದ: ಸೇವೆ ಪೂರ್ತಿಯಾಗಿದೆ, ನೋಟಿಸಿನ ಅವಧಿ ಕಳೆದಿದೆ, ಇವರನ್ನು ಹಿಡಿದಿಡಲು ಯಾವ ಆಧಾರವೂ ಇಲ್ಲ, ಇಂದೇ ಬಿಡುಗಡೆ ಮಾಡತಕ್ಕದ್ದು.

ಮ್ಯಾನೇಜರ ಕೈ ತಾನಾಗಿ ಫೋನಿಗೆ ಹೋಯಿತು.

"ಮೇಡಂ, ಹೊಸಬ ಇಂದೇ ಬಿಡುಗಡೆ ಮಾಡಿ ಅಂತಿದ್ದಾನೆ. ಸರೀನಾ?"

ನಿಯಮ ಅವಳಿಗೆ ಬಾಯಿಪಾಠ. "ಹೂಂ," ಅಂದಳು ದಾರದಕ್ಕ. "ಸರಿ."

ಅವರು ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುವಾಗ ಮಾಡಿದ್ದೇನೆಂದು ಹೊಳೆದು, ಕಾಗದದತ್ತ ಕೈ ಚಾಚಿದರು. ಅಷ್ಟರಲ್ಲಿ ಅವಳು ಬಂದು ಕಾಗದ ತೆಗೆದುಕೊಂಡಾಗಿತ್ತು.

ಶನಿವಾರ ಉದ್ಯಾನದ ಬಾಗಿಲಲ್ಲಿ ಗಂಟೆ ಬಾರಿಸುವ ಮೊದಲೇ ಸಾಲು. ಸೊಟ್ಟಪ್ಪ ಸಂಸಾರ ಸಮೇತ ನಿಂತಿದ್ದ. ಅವರ ಮುಂದೆ, ಎಲ್ಲರಿಗಿಂತ ಮೊದಲು, ಮ್ಯಾನೇಜರು. ನಾದಿನಿ ಅವರ ಕೈಗೆ ಎತ್ತರದ ಕೋನೊಂದನ್ನು ಕೊಟ್ಟಳು. ಅವರು ಇನ್ನೊಂದು ಕೈಯಲ್ಲಿದ್ದ ಮೊಬೈಲನ್ನು ಒಳಗೆ ಚಾಚಿದರು.

"ಮೇಡಂ, ನನ್ನ ಸಕ್ಕರೆ ಕಾಯಿಲೆಗೆ ಇದನ್ನ ಮುಟ್ಟಲೇಬಾರದು ಅಂತಿದ್ದಾನೆ ಹೊಸಬ. ಸರೀನಾ?"

ದಾರದಕ್ಕ ಮೊಬೈಲಿನಲ್ಲಿದ್ದದ್ದನ್ನು ಪೂರ್ತಿ ಓದಿದಳು. ಅವರ ಮುಖ ನೋಡಿದಳು.

"ಹೂಂ, ಸರಿ," ಎಂದು ಕೋನನ್ನು ಅವರ ಕೈಯಿಂದ ಕಿತ್ತು ಸೊಟ್ಟಪ್ಪನಿಗೆ ಕೊಟ್ಟಳು.

"ಮೊದಲ ಗಿರಾಕೀನೇ ಓಡಿಸಿದ್ರಲ್ಲ ಅತ್ತಿಗೆ," ಎಂದು ನಾದಿನಿ ಗಂಟೆ ಬಾರಿಸಿದಳು.